ಕಿಡಿಗೊರೆತದಲ್ಲಿ ಕರಣದ್ರವ್ಯದ ವಿಚಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ರಚಿಸಿದ ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ನಾಮಾಂತರದಿಂದಲೂ ವಿದ್ವಜ್ಜನರಿಗೆ ಸುವಿದಿತವಾದ ಗ್ರಂಥ. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹಬ್ಬಿರುವ ಆ ಸಂಸ್ಕೃತ ಕೃತಿಯಲ್ಲಿ ರಾಜನೀತಿ, ಪಾಕ, ಗೀತ, ಕ್ರೀಡೆ ಮುಂತಾದವುಗಳ ನಡುವೆ ಲೋಹಪ್ರತಿಮೆಯನ್ನು ಎರಕ ಹೊಯ್ಯುವ ಕ್ರಮವೂ ನಿರೂಪಿತವಾಗಿದೆ. ಮೊದಲು ಮೇಣದಲ್ಲಿ ಪ್ರತಿಮೆಯನ್ನು ಮಾಡಿ, ಅದಕ್ಕೆ ನಯವಾದ ಮಣ್ಣನ್ನು ಪದರಪದರವಾಗಿ ಮೆತ್ತಿ ಒಣಗಿಸಿ, ಬಳಿಕ ಕಾಸಿ ಮೇಣವನ್ನು ಹೊರಕ್ಕೆ ಹರಿಯಿಸಿ, ಬರಿದಾದ ಆ ಗರ್ಭದೊಳಕ್ಕೆ ಕರಗಿದ ಲೋಹವನ್ನು ಹೊಯ್ಯಬೇಕೆಂಬುದು ಅಲ್ಲಿಯ ವಿಧಿ. ಎಷ್ಟು ಲೋಹ ಬೇಕೆಂಬುದನ್ನು ಮೇಣದ ತೂಕದಿಂದಲೇ ನಿರ್ಣಯಿಸಬೇಕು. ಬೆಳ್ಳಿಯಾದರೆ ಮೇಣದ 12ರಷ್ಟು, ಚಿನ್ನವಾದರೆ 16ರಷ್ಟು. ಇಲ್ಲಿ ಆಕಾರವನ್ನು ಹೊತ್ತು ತರುವ ದ್ರವ್ಯವು ಬೆರಳಿನಿಂದ ಒತ್ತಿದರೆ ತಗ್ಗುವ ಮೇಣ. ಆಕಾರವನ್ನು ಪಡೆಯುವ ದ್ರವ್ಯವು ಗಟ್ಟಿಯಾದ ಲೋಹ. ಗಟ್ಟಿಯಾದುದಕ್ಕೆ ರೂಪವನ್ನು ಕೊಡಲು ಅದಕ್ಕಿಂತ ಗಟ್ಟಿಯಾದುದೇ ಬೇಕೆಂಬ ನಿಯಮವಿಲ್ಲವೆಂಬುದು ಕಲ್ಯಾಣದ ಆಸ್ಥಾನದಲ್ಲಿ ಆಗಲೇ ತಿಳಿದಿದ್ದ ಸಂಗತಿ.

ಅದೇ ಬಸವಕಲ್ಯಾಣದ ನೆರೆಯ ತಾಲ್ಲೂಕಿನ ಕೇಂದ್ರವಾದ ಹುಮನಾಬಾದಿನಲ್ಲಿ ಇಂದು ಈ ಸಂಗತಿಗೆ ಹೊಸ ಪ್ರಯೋಜನ ಒದಗಿದೆ. 1972ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಪ್ರಾರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಯೊಂದು ಹುಮನಾಬಾದಿನಲ್ಲಿದೆ. ಅಚ್ಚುಗಳನ್ನೂ ಉಪಕರಣಗಳನ್ನೂ ಮಾಡುವ ವಿದ್ಯೆಯೇ ಆ ಸಂಸ್ಥೆಯ ಮುಖ್ಯ ವಿಷಯ; ಆ ವಿದ್ಯೆಯಲ್ಲಿ, ಕಾರ್ಯಾಗಾರದವರು ‘ಸ್ಪಾರ್ಕ್ ಮಿಷನ್’ ಎಂದು ಕರೆಯುವ ಯಂತ್ರದ ಅಭ್ಯಾಸವೂ ಒಂದು ಅಂಗ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಬಾಲಕನು ಅಲ್ಲಿ ಈ ಯಂತ್ರದ ಮುಂದೆ ನಿಂತಾಗ ಅವನಿಗೆ ಎದುರಾಗುವ ಮೊದಲ ಪ್ರಶ್ನೆ ಇದು: ಉಕ್ಕನ್ನು ಕೊರೆಯಬೇಕಾದ ಕರಣವನ್ನು ತಾಮ್ರದಿಂದ ಏಕೆ ಮಾಡಿದ್ದಾರೆ? ಕೆಲವೆಡೆ ತಾಮ್ರವನ್ನು ಬಿಟ್ಟು, ಬಹು ದುಬಾರಿಯಾದ, ಕಲ್ಲಿನಂತೆ ಭಾರವಾದ ಟಂಗ್‌ಸ್ಟನ್ ಮಿಶ್ರವನ್ನು ಏಕೆ ಬಯಸುತ್ತಾರೆ? ಇದಕ್ಕೆ ಉತ್ತರವನ್ನು ಕನ್ನಡದಲ್ಲಿ ಹೇಳಲಾಗದಿದ್ದರೆ ಅವನು ಅದನ್ನು ಬಾಯಿಪಾಠ ಮಾಡುವನು. ಬಾಯಿಪಾಠದಿಂದ ದ್ರವ್ಯವನ್ನು ಆರಿಸಿದವನು ತಿಂಗಳುಗಟ್ಟಲೆ ಶ್ರಮದ ಅಚ್ಚನ್ನು ಒಂದು ದಿನದಲ್ಲಿ ಕೆಡಿಸುವನು. ಭಾಷೆಯನ್ನು ಕಲಿಸುವವರಿಗೂ ಈ ವಿಚಾರದಲ್ಲಿ ಪಾಲುಂಟೆಂಬುದು ಇದರಿಂದ ಸ್ಪಷ್ಟವಾಗುವುದು.

ಮೊದಲು ಹೆಸರಿನ ಮಾತು. ವಿದ್ಯುತ್ತಿನಿಂದ ಲೋಹವನ್ನು ಕೆತ್ತುವ ಈ ಕ್ರಿಯೆಯನ್ನು ಸಂಸ್ಕೃತದ ತಕ್ಷಧಾತುವನ್ನು ಹಿಡಿದು ‘ವಿದ್ಯುತ್ತಕ್ಷಣ’ ಎನ್ನಬಹುದಾಗಿತ್ತು. ಬಡಗಿಗೆ ತಕ್ಷಕನೆಂಬ ಹೆಸರು ಬಂದುದು ಆ ಧಾತುವಿನಿಂದಲೇ. ಆದರೆ ಕನ್ನಡದಲ್ಲಿ ‘ತಕ್ಷಣ’ವೆಂದರೆ ಆ ಕ್ಷಣದಲ್ಲಿ ಎಂಬ ಅರ್ಥವೇ ರೂಢವಾಗಿರುವುದರಿಂದ ಕೇಳಿದವನು ಬೇರೊಂದನ್ನೇ ಗ್ರಹಿಸುವನು. ಕಿಡಿಯಿಂದ ಕೊರೆಯುವುದು ‘ಕಿಡಿಗೊರೆತ’. ಎರಡೂ ಅಚ್ಚಗನ್ನಡ ಪದಗಳಾದುದರಿಂದ ಅರಿಸಮಾಸದ ದೋಷವಿಲ್ಲ, ಸಮಾಸದಲ್ಲಿ ಕಕಾರಕ್ಕೆ ಗಕಾರವು ಆದೇಶವಾಗಿ ಬಂದು ಮಾತು ನಾಲಿಗೆಗೆ ಸುಲಭವಾಗುತ್ತದೆ. ಲವಣದ ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿ ಲೋಹವನ್ನು ಕರಗಿಸುವ ಎರಡನೆಯ ಕ್ರಮಕ್ಕೆ ‘ವಿದ್ಯುದ್ವಿಲಯನ’ವೆಂಬ ಪದ ಸಾಕು. ಕೊರೆಯುವ ಅಚ್ಚಿಗೆ ‘ವಿದ್ಯುದಗ್ರ’ವೆಂದು ಪಠ್ಯಪುಸ್ತಕಗಳಲ್ಲಿ ಈಗಾಗಲೇ ಹೆಸರಿದೆ, ಪ್ರಕೃತದಲ್ಲಿ ಅದು ಕೆಲಸ ಮಾಡುವ ಬಗೆಯನ್ನು ವಿಚಾರಿಸಬೇಕಾಗಿರುವುದರಿಂದ ಅದನ್ನು ‘ಕರಣ’ವೆಂದೂ, ಕೊರೆಯಲ್ಪಡುವ ಲೋಹವನ್ನು, ಎಂದರೆ ಕಾರ್ಯಾಗಾರದ ‘ಜಾಬ’ನ್ನು, ‘ಕಾರ್ಯಖಂಡ’ವೆಂದೂ ವ್ಯವಹರಿಸಲಾಗಿದೆ. ಟಂಗ್‌ಸ್ಟನ್ ಎಂಬುದಕ್ಕೆ ಮಾತ್ರ ಹೊಸ ಹೆಸರನ್ನು ಕಟ್ಟುವುದು ವ್ಯರ್ಥ. ಸ್ವೀಡನ್ನಿನ ಭಾಷೆಯಲ್ಲಿ ಅದಕ್ಕೆ ‘ಭಾರವಾದ ಕಲ್ಲು’ ಎಂದರ್ಥ. ಆದರೂ ಸ್ವೀಡನ್ನಿನವರೇ ಲೋಹವನ್ನು ವುಲ್ಫ್ರಾಮ್ ಎನ್ನುತ್ತಾರೆ. ಹೀಗಿರಲಾಗಿ ಕನ್ನಡಿಗರು ಅದನ್ನು ಭಾರಶಿಲೆಯೆಂದು ಭಾಷಾಂತರಿಸಿ ಯಾರಿಗೂ ತಿಳಿಯದಂತೆ ಮಾಡಬೇಕಾದುದಿಲ್ಲ.

ಈ ಕಲೆಯ ಹುಟ್ಟಿನ ಕಥೆ ವಿನೋದಕರವಾದುದು. ಬಸವಕಲ್ಯಾಣದ ಬಳಿ ಹೆದ್ದಾರಿಯ ಮಗ್ಗುಲಲ್ಲಿರುವ ಸಸ್ತಾಪುರ ಬಂಗ್ಲೆಯ ದುರಸ್ತಿಯ ಅಂಗಡಿಗಳಲ್ಲಿ ಹಳೆಯ ಮೇಸ್ತ್ರಿಗಳಿದ್ದರೆ, ಪೆಟ್ರೋಲಿನ ಹಳೆಯ ಮೋಟಾರುಗಳಲ್ಲಿ ‘ಪಾಯಿಂಟು’ ಸವೆದಾಗ ಅದನ್ನು ಉಜ್ಜುಕಾಗದದಿಂದ ತಿಕ್ಕಿ ಸರಿಮಾಡುತ್ತಿದ್ದುದು ಅವರ ನೆನಪಿನಲ್ಲಿರುವುದು. ಕೂಡುತ್ತ ಅಗಲುತ್ತ ವಿದ್ಯುತ್ತನ್ನು ತುಂಡರಿಸುವ ಆ ಎರಡು ಬಿಂದುಗಳು ಟಂಗ್‌ಸ್ಟನ್ನಿನವು; ಅಗಲಿದಾಗಲೆಲ್ಲ ಅವುಗಳ ನಡುವೆ ಕಿಡಿ ಹಾರುವುದು, ಒಂದರಲ್ಲಿ ಗುಳಿಯೂ ಇನ್ನೊಂದರಲ್ಲಿ ಗುಬ್ಬಿಯೂ ಏಳುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಸ್ಕೋ ನಗರದಲ್ಲಿ ಬೋರಿಸ್ ಲಾಜರೆಂಕೊ ಮತ್ತು ನಟಾಲಿಯ ಲಾಜರೆಂಕೊ ಎಂಬ ವಿಜ್ಞಾನಿ ದಂಪತಿಗಳು ಈ ಸವೆತವನ್ನು ತಪ್ಪಿಸುವ ಉಪಾಯವನ್ನು ಹುಡುಕುತ್ತಿದ್ದರು. ಬಿಂದುಗಳನ್ನು ಎಣ್ಣೆಯಲ್ಲಿ ಮುಳುಗಿಸಿ ನೋಡಿದರು. ಸವೆತ ತಪ್ಪಲಿಲ್ಲ, ಆದರೆ ಕಿಡಿಗಳು ಹಿಂದಿಗಿಂತ ಏಕರೀತಿಯಾದುವು. ತಪ್ಪಿಸಲಾಗದ ಸವೆತವನ್ನೇ ಕೆಲಸಕ್ಕೆ ಹಚ್ಚಬಾರದೇಕೆ ಎಂಬ ಆಲೋಚನೆ ಅವರಿಗೆ ಹೊಳೆದು, 1943ರಲ್ಲಿ ಕಿಡಿಗೊರೆತದ ಯಂತ್ರವು ರೂಪುಗೊಂಡಿತು. ದೋಷವೇ ಗುಣವಾಗುವ ಸಂದರ್ಭಗಳು ಆಲಂಕಾರಿಕರಿಗೆ ಹೊಸದಲ್ಲ. ಟಂಗ್‌ಸ್ಟನ್ ಈ ಕಥೆಯ ಪ್ರಾರಂಭದಲ್ಲಿ ಕೊರೆಯಿಸಿಕೊಂಡ ದ್ರವ್ಯ. ಮುಂದೆ ಅದೇ ಕೊರೆಯುವ ದ್ರವ್ಯವಾಯಿತು.

ಕ್ರಿಯೆಯ ಸ್ವರೂಪ ಹೀಗಿದೆ. ಕರಣವನ್ನೂ ಕಾರ್ಯಖಂಡವನ್ನೂ ಸೀಮೆಎಣ್ಣೆಯಂತಹ, ವಿದ್ಯುತ್ತನ್ನು ಸುಲಭವಾಗಿ ಹಾಯಗೊಡದ ಎಣ್ಣೆಯೊಂದರಲ್ಲಿ ಮುಳುಗಿಸುವರು. ಎರಡರ ನಡುವೆ ಮಿಲಿಮೀಟರಿನ ನೂರನೆಯ ಒಂದು ಭಾಗದಿಂದ ಹತ್ತನೆಯ ಕೆಲವು ಭಾಗಗಳವರೆಗಿನ ತೆರಪು ಇರುವುದು. ಅವು ಎಂದಿಗೂ ಮುಟ್ಟಕೂಡದು. ಒತ್ತಡವು ಏರಿದಾಗ ಎಲ್ಲಿ ತೆರಪು ಅತ್ಯಲ್ಪವೋ ಅಲ್ಲಿ ಎಣ್ಣೆಯ ನಿರೋಧವು ಮುರಿದು ಕಿಡಿ ಹಾಯುವುದು. ಆ ಕಿಡಿಯ ಕಾಲುವೆಯ ಉಷ್ಣತೆ ಸುಮಾರು 8000ದಿಂದ 12000 ಡಿಗ್ರಿ ಸೆಂಟಿಗ್ರೇಡು. ಆ ತಾಪಕ್ಕೆ ಕರಗದ ಲೋಹವಿಲ್ಲ. ಕಿಡಿ ತಗುಲಿದ ಕಡೆ ಒಂದು ಸೂಕ್ಷ್ಮ ಬಿಂದು ಕರಗಿ ಆವಿಯಾಗುವುದು; ಕಿಡಿ ನಿಂತೊಡನೆ ಅದನ್ನು ಸುತ್ತಿದ್ದ ಆವಿಯ ಗುಳ್ಳೆ ಕುಸಿದು ಕರಗಿದ ಲೋಹವನ್ನು ಹೊರಕ್ಕೆ ಎರಚುವುದು; ಎಣ್ಣೆ ಅದನ್ನು ಕೊಚ್ಚಿಕೊಂಡು ಹೋಗುವುದು. ಒಂದು ಸೆಕೆಂಡಿಗೆ ಸಾವಿರಾರು ಕಿಡಿಗಳು ಹೀಗೆ ಹಾರುತ್ತ, ಕರಣದ ಆಕಾರಕ್ಕೆ ಪ್ರತಿಯಾದ ಗುಳಿಯು ಕಾರ್ಯಖಂಡದಲ್ಲಿ ಮೂಡುವುದು. ಕರಣದಲ್ಲಿ ಉಬ್ಬಿದುದು ಇಲ್ಲಿ ತಗ್ಗು, ಅಲ್ಲಿ ತಗ್ಗಾದುದು ಇಲ್ಲಿ ಉಬ್ಬು.

ಇಲ್ಲಿ ಒಂದು ಶಂಕೆ. ಕರಣವೆಂದರೆ ಕ್ರಿಯೆಯ ಸಿದ್ಧಿಗೆ ಅತ್ಯಂತ ಸಾಧಕವಾದುದೆಂದು ಪಾಣಿನಿಯ ಮತ. ಕೊಡಲಿಯು ಮರವನ್ನು ಕಡಿಯುವುದು ಅದಕ್ಕೆ ಪ್ರಸಿದ್ಧ ಉದಾಹರಣೆ. ಕೊಡಲಿಯು ಮರವನ್ನು ಮುಟ್ಟುವುದು, ಮರಕ್ಕಿಂತ ಗಟ್ಟಿಯಾಗಿಯೂ ಇರುವುದು. ಇಲ್ಲಿಯಾದರೋ ಕರಣವೆಂದು ಹೇಳಿದ ತಾಮ್ರವು ಉಕ್ಕನ್ನು ಮುಟ್ಟುವುದೇ ಇಲ್ಲ, ಕೊರೆಯುವುದು ಕಿಡಿ. ಆದಕಾರಣ ಕಿಡಿಯನ್ನೇ ಕರಣವೆನ್ನಬೇಕಲ್ಲವೇ? ಇದಕ್ಕೆ ಸಮಾಧಾನವೇನೆಂದರೆ, ನೈಯಾಯಿಕರು ವ್ಯಾಪಾರವುಳ್ಳ ಅಸಾಧಾರಣ ಕಾರಣವನ್ನು ಕರಣವೆನ್ನುವರು. ಕಡಿಯುವುದರಲ್ಲಿ ಕೊಡಲಿಗೂ ಮರಕ್ಕೂ ಆಗುವ ಸಂಯೋಗವು ಹೇಗೆ ವ್ಯಾಪಾರವೋ ಹಾಗೆ ಇಲ್ಲಿ ಕಿಡಿಯು ವ್ಯಾಪಾರ. ಅದನ್ನು ಹುಟ್ಟಿಸಿ ಅದಕ್ಕೆ ಎಡೆಯನ್ನೂ ಆಕಾರವನ್ನೂ ಕೊಡುವ ವಿದ್ಯುದಗ್ರವೇ ಕರಣ. ಈ ವಿವೇಕವು ಬರಿಯ ಶುಷ್ಕತರ್ಕವಲ್ಲ. ಕೊಡಲಿಯ ಉದಾಹರಣೆಯಿಂದ ಮನಸ್ಸಿನಲ್ಲಿ ಬೇರೂರಿದ ಕಾಠಿನ್ಯವೆಂಬ ಗುಣವನ್ನು ಇಲ್ಲಿ ಕಿತ್ತುಹಾಕಬೇಕು. ವ್ಯಾಪಾರವು ತಾಪರೂಪವಾದಾಗ ಕರಣದಲ್ಲಿ ನೋಡತಕ್ಕ ಗುಣಗಳೂ ತಾಪಕ್ಕೆ ಸಂಬಂಧಪಟ್ಟುವೇ ಆಗಿರತಕ್ಕದ್ದು.

ಏಕೆಂದರೆ ಕಿಡಿಗೆ ಎರಡು ತುದಿಗಳುಂಟು. ಕಾರ್ಯಖಂಡವನ್ನು ತಿನ್ನುವ ತಾಪವು ಕರಣವನ್ನೂ ತಿನ್ನುವುದು. ಕರಣವು ಎಷ್ಟು ಸವೆಯುವುದೋ ಅಷ್ಟರಮಟ್ಟಿಗೆ ಅದರ ಆಕಾರವು ಕೆಡುವುದು, ಕೆಟ್ಟ ಆಕಾರವೇ ಅಚ್ಚಿನಲ್ಲಿ ಮೂಡುವುದು. ಇದರಲ್ಲಿಯೂ ಮೂಲೆಗಳ ಸವೆತ ವಿಶೇಷ ಹಾನಿಕರ. ಚೂಪಾದ ಅಂಚಿನಲ್ಲಿ ತಾಪವು ಹರಿದುಹೋಗಲು ದಾರಿ ಕಡಿಮೆ, ಕಿಡಿಗಳು ಮಾತ್ರ ಎರಡು ಮೂರು ದಿಕ್ಕುಗಳಿಂದ ಬೀಳುತ್ತವೆ. ತಳದ ಸವೆತವನ್ನು ಕರಣವನ್ನು ಇನ್ನಷ್ಟು ಇಳಿಸಿ ಸರಿದೂಗಿಸಬಹುದು. ಉರುಟಾದ ಮೂಲೆಯನ್ನು ಹಾಗೆ ಸರಿಮಾಡಲಾಗದು. ಆದುದರಿಂದ ಕರಣದ್ರವ್ಯವನ್ನು ಆರಿಸುವುದೆಂದರೆ, ಮೂಲೆಯನ್ನು ಕಾಪಾಡಿಕೊಳ್ಳುವ ದ್ರವ್ಯ ಯಾವುದೆಂದು ಆರಿಸುವುದೇ ಬಹುಮಟ್ಟಿಗೆ.

ತಾಪವನ್ನು ತಾಳುವ ಗುಣವು ಒಂದಲ್ಲ, ಮೂರು ಗುಣಗಳ ಕೂಟ. ಲೋಹವು ಕರಗುವ ಉಷ್ಣತೆ ಎತ್ತರವಾಗಿರಬೇಕು. ತಗುಲಿದ ತಾಪವನ್ನು ಒಳಕ್ಕೆ ಬೇಗ ಸಾಗಿಸಿಬಿಡಬೇಕು. ಅಷ್ಟು ತಾಪವನ್ನು ಹೊಟ್ಟೆಯಲ್ಲಿ ಹಿಡಿದುಕೊಳ್ಳುವ ಶಕ್ತಿಯೂ ಇರಬೇಕು. ತಾಮ್ರವು 1085 ಡಿಗ್ರಿಗೆ ಕರಗುವುದು, ಬೆಳ್ಳಿ 962ಕ್ಕೆ, ಟಂಗ್‌ಸ್ಟನ್ 3422ಕ್ಕೆ. ಲೋಹಗಳಲ್ಲಿ ಇದಕ್ಕಿಂತ ತಡವಾಗಿ ಕರಗುವುದು ಮತ್ತೊಂದಿಲ್ಲ. ತಾಪವನ್ನು ಸಾಗಿಸುವುದರಲ್ಲಿ ಮಾತ್ರ ತಾಮ್ರದ್ದೇ ಮೇಲುಗೈ. ಟಂಗ್‌ಸ್ಟನ್ನಿನ ವಾಹಕತೆ ಅದರ ಅರ್ಧಕ್ಕಿಂತಲೂ ಕಡಿಮೆ. ವಾಹಕತೆ, ಘನಮಾನಕ್ಕೆ ತಕ್ಕ ತಾಪಧಾರಣೆ, ಕರಗುವ ಉಷ್ಣತೆಯ ವರ್ಗ, ಈ ಮೂರನ್ನು ಗುಣಿಸಿ ನೋಡಿದರೆ ಟಂಗ್‌ಸ್ಟನ್ನಿಗೆ ತಾಮ್ರದ ಸುಮಾರು ಮೂರರಷ್ಟೂ, ಸಾಧಾರಣ ಉಕ್ಕಿಗೆ ತಾಮ್ರದ ಕಾಲು ಭಾಗದಷ್ಟೂ ಬೆಲೆ ಬರುವುದು. ಮೆದುವಾದ ತಾಮ್ರವು ಗಟ್ಟಿಯಾದ ಉಕ್ಕನ್ನು ಕೊರೆದು ತಾನು ಉಳಿಯುವುದೇಕೆಂಬುದಕ್ಕೆ ಇದೇ ಉತ್ತರ. ಉಕ್ಕು ತಡವಾಗಿ ಕರಗುವುದಾದರೂ ಬಿದ್ದ ತಾಪವನ್ನು ಬಿದ್ದಲ್ಲಿಯೇ ಹಿಡಿದುಕೊಂಡು ಬೇಯುವುದು. ತಾಮ್ರವು ಬೇಗ ಕರಗುವುದಾದರೂ ತಾಪವನ್ನು ನಿಲ್ಲಗೊಡದು.

ಹಾಗಿದ್ದರೆ ಕರಣವನ್ನು ಶುದ್ಧ ಟಂಗ್‌ಸ್ಟನ್ನಿನಿಂದಲೇ ಏಕೆ ಮಾಡಬಾರದು? ಸೂಕ್ಷ್ಮ ರಂಧ್ರಗಳಿಗೆ ತೆಳುವಾದ ಟಂಗ್‌ಸ್ಟನ್ ಸಲಾಕೆಗಳನ್ನು ಬಳಸುವುದುಂಟು. ಆದರೆ ಆ ಲೋಹವು ಭಿದುರ, ಕೆತ್ತಲು ಕಷ್ಟ. ಎರಕ ಹೊಯ್ಯುವೆವೆಂದರೆ ಅದರ ತಾಪವನ್ನು ತಾಳುವ ಮಣ್ಣಿನ ಅಚ್ಚಿಲ್ಲ. ತೂಕದಲ್ಲಿ ಅದು ಚಿನ್ನಕ್ಕೆ ಸಮ. ಘನ ಸೆಂಟಿಮೀಟರಿಗೆ ಎರಡೂ 19.3 ಗ್ರಾಮಿನ ಸುಮಾರು. (ಈ ಸಾಮ್ಯವನ್ನು ಹಿಡಿದು ಟಂಗ್‌ಸ್ಟನ್ ಗಟ್ಟಿಗೆ ಚಿನ್ನದ ಹೊದಿಕೆ ಕೊಟ್ಟು ಮಾರುವ ಮೋಸಗಾರರೂ ಇದ್ದಾರೆ, ತಕ್ಕಡಿಯೂ ಒರೆಗಲ್ಲೂ ಅವರನ್ನು ಹಿಡಿಯಲಾರವು.) ಆದರೂ ಸೋಮೇಶ್ವರನು ಚಿನ್ನಕ್ಕೆ ಹೇಳಿದ ಮೇಣದ ಲೆಕ್ಕವು ಟಂಗ್‌ಸ್ಟನ್ನಿಗೆ ಎಂದೂ ಉಪಯೋಗವಾಗದು. ಅದನ್ನು ಪುಡಿಯ ರೂಪದಲ್ಲಿಯೇ ಒತ್ತಿ, ಕರಗದಂತೆ ಕಾಸಿ, ಕಣಕಣಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಮಾಡಬೇಕು. ಹಾಗೆ ಮಾಡಿದಾಗ ಜೇನುಹಟ್ಟಿನಂತೆ ಸಂದುಗಳುಳ್ಳ ಒಂದು ಪಂಜರವು ದೊರೆಯುವುದು. ಅದರ ಮೇಲೆ ತಾಮ್ರವನ್ನಿಟ್ಟು ಕರಗಿಸಿದರೆ, ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಪಂಜರವು ತಾಮ್ರವನ್ನು ಹೀರಿಕೊಳ್ಳುವುದು. ಇದೇ ತಾಮ್ರ-ಟಂಗ್‌ಸ್ಟನ್.

ಇದನ್ನು ಮಿಶ್ರಲೋಹವೆಂದು ಕರೆಯುವುದು ಸರಿಯಲ್ಲ. ಅಲಂಕಾರಶಾಸ್ತ್ರದಲ್ಲಿ ಸಂಸೃಷ್ಟಿ, ಸಂಕರಗಳೆಂಬ ಎರಡು ಬಗೆಯ ಕೂಟಗಳನ್ನು ಹೇಳುತ್ತಾರೆ. ಎಳ್ಳೂ ಅಕ್ಕಿಯೂ ಬೆರೆತಂತೆ, ಒಂದೊಂದೂ ಬೇರೆಬೇರೆಯಾಗಿ ಕಾಣುವಂತೆ ಅಲಂಕಾರಗಳು ಸೇರಿದರೆ ಸಂಸೃಷ್ಟಿ. ಹಾಲೂ ನೀರೂ ಬೆರೆತಂತೆ ಬೇರ್ಪಡಿಸಲಾಗದ ಹಾಗೆ ಸೇರಿದರೆ ಸಂಕರ. ತಾಮ್ರವೂ ಸತುವೂ ಸೇರಿ ಹಿತ್ತಾಳೆಯಾಗುವುದು ಕ್ಷೀರನೀರನ್ಯಾಯದಿಂದ. ಅಲ್ಲಿ ತಾಮ್ರದ ವಾಹಕತೆ ಬಹಳವಾಗಿ ತಗ್ಗಿಹೋಗುವುದು, ಮೂರನೆಯದೊಂದು ದ್ರವ್ಯ ಹುಟ್ಟುವುದು. ತಾಮ್ರವೂ ಟಂಗ್‌ಸ್ಟನ್ನೂ ಸೇರುವುದು ತಿಲತಂಡುಲನ್ಯಾಯದಿಂದ. ಕರಗಿದ ತಾಮ್ರದಲ್ಲಿಯೂ ಟಂಗ್‌ಸ್ಟನ್ ಕರಗುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಬೂದುಬಣ್ಣದ ಕಣಗಳೂ ಅವುಗಳ ನಡುವೆ ಕೆಂಪನೆಯ ತಾಮ್ರದ ಜಾಲವೂ ಸ್ಪಷ್ಟವಾಗಿ ತೋರುವುವು. ಒಂದೊಂದೂ ತನ್ನ ಗುಣವನ್ನು ಬಿಟ್ಟುಕೊಡದಿರುವುದರಿಂದಲೇ ಕರಣಕ್ಕೆ ಎರಡೂ ಗುಣಗಳು ದೊರೆಯುತ್ತವೆ. ಪಂಜರವು ಆಕಾರವನ್ನು ಕಾಯುವುದು, ತಾಮ್ರವು ತಾಪವನ್ನೂ ವಿದ್ಯುತ್ತನ್ನೂ ಸಾಗಿಸುವುದು. ಅಷ್ಟೇ ಅಲ್ಲ, ತಾಮ್ರವು ಕುದಿಯುವ ಉಷ್ಣತೆ ಸುಮಾರು 2560 ಡಿಗ್ರಿ, ಟಂಗ್‌ಸ್ಟನ್ ಕರಗುವುದಕ್ಕಿಂತ 800 ಡಿಗ್ರಿಗೂ ಹೆಚ್ಚು ಕೆಳಗೆ. ಕಿಡಿ ತಗುಲಿದಾಗ ಮೇಲ್ಮೈಯ ತಾಮ್ರವು ಮೊದಲು ಕರಗಿ ಆವಿಯಾಗಿ ಆ ತಾಪವನ್ನು ತಾನು ಹೊತ್ತುಕೊಂಡು ಹೋಗುವುದು. ಮೈ ಬೆವರಿ ತಂಪಾಗುವಂತೆ ಪಂಜರವು ತಂಪಾಗಿ ಉಳಿಯುವುದು. ಸಂಯೋಜಿತದ್ರವ್ಯವೆಂಬ ಪದವನ್ನು ಇಂತಹ ಕೂಟಕ್ಕೇ ಮೀಸಲಿಟ್ಟು, ಮಿಶ್ರಲೋಹವೆಂಬುದನ್ನು ಹಿತ್ತಾಳೆ ಕಂಚುಗಳಿಗೆ ಬಿಡುವುದು ಯುಕ್ತ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಪಠ್ಯಗಳು ವಿದ್ಯಾರ್ಥಿಗೆ ಮಾಡುವ ಅಪಕಾರ ಅಲ್ಪವಲ್ಲ.

ಪ್ರಮಾಣದ ಮಾತು ಇನ್ನೊಂದು. ಕಿಡಿಗೊರೆತದ ಕರಣಗಳಲ್ಲಿ ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ 70ರಿಂದ 80 ಭಾಗ ಟಂಗ್‌ಸ್ಟನ್, ಉಳಿದುದು ತಾಮ್ರ. ತೂಕದ ಈ ಲೆಕ್ಕವು ಕಣ್ಣನ್ನು ವಂಚಿಸುವುದು. 75 ಭಾಗ ಟಂಗ್‌ಸ್ಟನ್ನೂ 25 ಭಾಗ ತಾಮ್ರವೂ ಇರುವ ಕರಣದಲ್ಲಿ ಟಂಗ್‌ಸ್ಟನ್ ಆಕ್ರಮಿಸಿರುವ ಎಡೆ ನೂರಕ್ಕೆ 58 ಮಾತ್ರ, ತಾಮ್ರದ್ದು 42. ಒಂದು ಘನ ಸೆಂಟಿಮೀಟರಿನ ತೂಕ ಸುಮಾರು 15 ಗ್ರಾಂ. ಎಂದರೆ ನಾಲ್ಕರಲ್ಲಿ ಒಂದು ಪಾಲೆಂದು ಕಾಣುವ ತಾಮ್ರವು ನಿಜವಾಗಿ ಐದರಲ್ಲಿ ಎರಡು ಪಾಲಿಗೂ ಮೀರಿ ವ್ಯಾಪಿಸಿ, ಎಡೆಬಿಡದ ಜಾಲವಾಗಿ ಹರಿದಿದೆ. ಟಂಗ್‌ಸ್ಟನ್ನಿನ ಭಾಗ ಹೆಚ್ಚಿದಷ್ಟೂ ಸವೆತ ಕಡಿಮೆಯಾಗುವುದು ನಿಜ. ಆದರೆ ಜಾಲವು ಬಡವಾಗಿ ವಾಹಕತೆ ತಗ್ಗುವುದು, ಕೆತ್ತುವುದೂ ಕಷ್ಟವಾಗುವುದು. ಕಣಗಳು ನುಣುಪಾಗಿಯೂ ಸಮನಾಗಿಯೂ ಹರಡಿರುವುದು ಪ್ರಮಾಣದಷ್ಟೇ ಮುಖ್ಯ. ದಪ್ಪ ಕಣವು ಸುತ್ತಲಿನ ತಾಮ್ರ ಹೋದೊಡನೆ ಇಡಿಯಾಗಿ ಕಳಚಿ ಬೀಳುವುದು. ಕೊಳ್ಳುವಾಗ ಭಾಗಗಳ ಲೆಕ್ಕವನ್ನು ಮಾತ್ರ ಕೇಳಿ ಕಣದ ವಿಚಾರವನ್ನು ಕೇಳದವನು ಅರ್ಧವನ್ನೇ ಕೇಳಿದಂತಾಯಿತು. ತಾಮ್ರದ ಬದಲು ಬೆಳ್ಳಿಯನ್ನು ಹೀರಿಸಿದ ಟಂಗ್‌ಸ್ಟನ್ ಇನ್ನೂ ನಯವಾದ ಮೈಯನ್ನು ಕೊಡುವುದು. ಆದರೆ ಅದರ ಬೆಲೆ ಅತ್ಯಂತ ಸೂಕ್ಷ್ಮವಾದ ಕೆಲಸಕ್ಕೆ ಮಾತ್ರ ತಕ್ಕುದು.

ಇಷ್ಟು ಗುಣಗಳಿರುವಾಗ ಎಲ್ಲ ಕೆಲಸಕ್ಕೂ ಇದೇ ಆಗಲೆಂದರೆ ಅದು ಅತಿಪ್ರಸಂಗ. ಉಕ್ಕಿನಲ್ಲಿ ಅಗಲವಾದ ಗುಳಿಯೊಂದನ್ನು ತೆಗೆಯಬೇಕಾದಾಗ ಗ್ರಾಫೈಟು ತಾಮ್ರಗಳೇ ಸಾಕು. ಕರಣವನ್ನು ಧನಾಗ್ರವಾಗಿಟ್ಟು ದೀರ್ಘವಾದ ಕಿಡಿಗಳನ್ನು ಹಾಯಿಸಿದರೆ ಎಣ್ಣೆಯಿಂದ ಒಡೆದ ಇಂಗಾಲವು ಕರಣದ ಮೇಲೆ ಕವಚದಂತೆ ಕೂಡಿ ಸವೆತವು ಬಹುತೇಕ ನಿಂತುಹೋಗುವುದು. ಗ್ರಾಫೈಟು ಅಗ್ಗ, ಹಗುರ, ಬೇಗ ಕೆತ್ತಬಹುದು. ಅದು ಕರಗದೆ ನೇರವಾಗಿ ಆವಿಯಾಗುವ ದ್ರವ್ಯ. ಆದರೆ ಕೆತ್ತುವಾಗ ಏಳುವ ಕರಿಯ ಧೂಳು ಯಂತ್ರಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ. ತಾಮ್ರವು ನಯವಾದ ಮೈಯನ್ನು ಕೊಡುವುದು, ಕೆತ್ತುವಾಗ ಅಂಚಿನಲ್ಲಿ ಜುಂಗು ಬಿಡುವುದು. ತಾಮ್ರ-ಟಂಗ್‌ಸ್ಟನ್ ಬೇಕಾಗುವುದು ತೆಳುವಾದ ಪಕ್ಕೆಗಳಿಗೆ, ಚೂಪಾದ ಒಳಮೂಲೆಗಳಿಗೆ, ಕಿರಿದಾಗಿ ಆಳವಾದ ಸೀಳುಗಳಿಗೆ; ಎಲ್ಲಕ್ಕಿಂತ ಮಿಗಿಲಾಗಿ ಟಂಗ್‌ಸ್ಟನ್ ಕಾರ್ಬೈಡಿನ ಅಚ್ಚುಗಳಿಗೆ. 1920ರ ದಶಕದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ಈ ಕಾರ್ಬೈಡು, ಟಂಗ್‌ಸ್ಟನ್ನೂ ಇಂಗಾಲವೂ ಕೂಡಿದ ಕಣಗಳನ್ನು ಕೋಬಾಲ್ಟಿನಿಂದ ಬೆಸೆದ ಅತಿಕಠಿನ ದ್ರವ್ಯ. ಅದನ್ನು ಕೊರೆಯುವಾಗ ಕರಣವನ್ನು ಸಾಮಾನ್ಯವಾಗಿ ಋಣಾಗ್ರವಾಗಿಡುವರು. ಉಕ್ಕಿನ ವಿಷಯದಲ್ಲಿ ಕರಣವನ್ನು ಕಾಯುತ್ತಿದ್ದ ಇಂಗಾಲದ ಕವಚ ಇಲ್ಲಿ ಒದಗುವುದಿಲ್ಲ, ಬರಿಯ ತಾಮ್ರವು ಬೇಗ ಕ್ಷಯಿಸುವುದು. ವಜ್ರವನ್ನು ವಜ್ರದಿಂದಲೇ ಕೊಯ್ಯಬೇಕೆಂಬ ಲೋಕೋಕ್ತಿಗೆ ಇದು ಸಾಕ್ಷಿಯೆಂದು ಯಾರಾದರೂ ತಿಳಿದರೆ ತಪ್ಪು. ಇಲ್ಲಿ ಟಂಗ್‌ಸ್ಟನ್ನಿಗೆ ಟಂಗ್‌ಸ್ಟನ್ ಎದುರಾದುದು ಕಾಠಿನ್ಯದ ಪೈಪೋಟಿಯಿಂದಲ್ಲ, ತಾಪವನ್ನು ತಾಳುವ ಪೈಪೋಟಿಯಿಂದ.

ಅನುಭವಸ್ಥರು ಒಂದೇ ಗುಳಿಗೆ ಎರಡು ಕರಣಗಳನ್ನು ಮಾಡಿಕೊಳ್ಳುವುದುಂಟು. ಬಹುಭಾಗವನ್ನು ತಾಮ್ರದಿಂದಲೋ ಗ್ರಾಫೈಟಿನಿಂದಲೋ ತೆಗೆದು, ಕೊನೆಯ ತೆಳುಪದರವನ್ನೂ ಮೂಲೆಗಳನ್ನೂ ತಾಮ್ರ-ಟಂಗ್‌ಸ್ಟನ್ನಿನಿಂದ ತೀರಿಸುವರು. ದುಬಾರಿಯಾದ ದ್ರವ್ಯವು ಹೀಗೆ ತನ್ನ ಗುಣ ವ್ಯಕ್ತವಾಗುವಲ್ಲಿ ಮಾತ್ರ ವ್ಯಯವಾಗುವುದು. ಅದನ್ನು ಕೆತ್ತುವಾಗಲೂ ಎಚ್ಚರ ಬೇಕು. ಬೀಡುಕಬ್ಬಿಣದಂತೆ ಪುಡಿಯಾಗಿ ಕಡಿಯುವುದು, ಉಳಿಯ ಬಾಯನ್ನು ಬೇಗ ಸವೆಸುವುದು, ಅವಸರಪಟ್ಟರೆ ಅಂಚು ಚಕ್ಕೆಯೇಳುವುದು.

ವಿದ್ಯುದ್ವಿಲಯನದಲ್ಲಿ ವಿಚಾರವೆಲ್ಲ ತಿರುಗುಮುರುಗಾಗುವುದು. ಬೀದರಿನ ಬಿದರಿ ಕೆಲಸವನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಬಹುಪಾಲು ಸತುವೂ ಅಲ್ಪ ತಾಮ್ರವೂ ಕೂಡಿದ ಪಾತ್ರೆಯಲ್ಲಿ ಬೆಳ್ಳಿಯನ್ನು ಕೂಡಿಸಿ, ಹಳೆಯ ಕೋಟೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ ಬಿಸಿಯಾದ ಪಾತ್ರೆಗೆ ಹಚ್ಚಿದಾಗ, ಸತುವಿನ ಮೈ ಕಡುಗಪ್ಪಾಗುವುದು, ಬೆಳ್ಳಿಯ ಗೆರೆ ಹಾಗೆಯೇ ಬೆಳಗುವುದು. ಆ ಕಲಸು ಯಾವುದು ಗಟ್ಟಿ, ಯಾವುದು ಮೆದು ಎಂದು ಕೇಳುವುದಿಲ್ಲ. ರಸಾಯನಸ್ವಭಾವವನ್ನು ಮಾತ್ರ ಕೇಳುವುದು. ವಿದ್ಯುದ್ವಿಲಯನವೂ ಹಾಗೆಯೇ. ಕಾರ್ಯಖಂಡವನ್ನು ಧನಾಗ್ರವಾಗಿಯೂ ಕರಣವನ್ನು ಋಣಾಗ್ರವಾಗಿಯೂ ಇಟ್ಟು, ಅಡಿಗೆಯುಪ್ಪನ್ನೋ ಸೋಡಿಯಂ ನೈಟ್ರೇಟನ್ನೋ ಕರಗಿಸಿದ ನೀರನ್ನು ನಡುವಣ ತೆರಪಿನಲ್ಲಿ ರಭಸವಾಗಿ ಹರಿಯಿಸುವರು. ಕೆಲವೇ ವೋಲ್ಟುಗಳ ಒತ್ತಡ, ನೂರಾರು ಸಾವಿರಾರು ಆಂಪಿಯರುಗಳ ಪ್ರವಾಹ. ಎಷ್ಟು ಲೋಹ ಕರಗುವುದೆಂಬುದನ್ನು 1830ರ ದಶಕದಲ್ಲಿ ಫ್ಯಾರಡೆ ಕಂಡ ನಿಯಮವೇ ಹೇಳುವುದು: 1000 ಆಂಪಿಯರಿನ ಪ್ರವಾಹವು ಒಂದು ನಿಮಿಷದಲ್ಲಿ ಕಬ್ಬಿಣವನ್ನು ಹೆಚ್ಚೆಂದರೆ ಸುಮಾರು 17 ಗ್ರಾಂ ಕರಗಿಸುವುದು, ಅದು ಹದಗೊಳಿಸಿದ ಉಕ್ಕಾಗಿರಲಿ ಮೆದುಗಬ್ಬಿಣವಾಗಿರಲಿ.

ಇಲ್ಲಿ ಋಣಾಗ್ರವಾದ ಕರಣದ ಮೇಲೆ ಜಲಜನಕದ ಗುಳ್ಳೆಗಳು ಏಳುವುವಷ್ಟೆ, ಕರಣವು ಸವೆಯುವುದಿಲ್ಲ. ಕಿಡಿಯೇ ಇಲ್ಲದಲ್ಲಿ 3422 ಡಿಗ್ರಿಯ ಮಹಿಮೆಗೆ ಅವಕಾಶವೆಲ್ಲಿ? ಆದುದರಿಂದ ಉತ್ಸರ್ಗವಾಗಿ ಇಲ್ಲಿ ಬೇಕಾದ ಗುಣಗಳು ವಿದ್ಯುದ್ವಾಹಕತೆ, ಉಪ್ಪುನೀರಿಗೆ ತುಕ್ಕು ಹಿಡಿಯದಿರುವುದು, ಹರಿಯುವ ನೀರಿನ ಒತ್ತಡಕ್ಕೆ ಬಾಗದಿರುವುದು, ಸುಲಭವಾಗಿ ರೂಪಕ್ಕೆ ಬರುವುದು. ತಾಮ್ರ, ಹಿತ್ತಾಳೆ, ತುಕ್ಕುಹಿಡಿಯದ ಉಕ್ಕು, ಟೈಟೇನಿಯಂ ಇವು ಸಾಲುವುವು. ಆದರೂ ಕೆಲವರು ಇಲ್ಲಿಯೂ ತಾಮ್ರ-ಟಂಗ್‌ಸ್ಟನ್ನನ್ನು ಆರಿಸುವುದು ಅಪವಾದವೊಂದನ್ನು ಕಣ್ಣಿನಲ್ಲಿಟ್ಟು. ತೆರಪಿನಲ್ಲಿ ಒಂದು ಕಸರು ಸಿಕ್ಕಿಕೊಂಡರೆ, ನೀರಿನ ಹರಿವು ಒಂದು ಕ್ಷಣ ತಪ್ಪಿದರೆ, ಅಷ್ಟು ದೊಡ್ಡ ಪ್ರವಾಹವು ಕಿಡಿಯಾಗಿ ಹಾಯ್ದು ತಾಮ್ರದ ಕರಣವನ್ನು ಸುಟ್ಟುಬಿಡುವುದು. ಆ ಒಂದು ಕ್ಷಣಕ್ಕಾಗಿ ಟಂಗ್‌ಸ್ಟನ್ ಪಂಜರ ಬೇಕು. ಕಿಡಿಗೊರೆತದಲ್ಲಿ ನಿತ್ಯಕ್ಕಾಗಿ ಆರಿಸಿದ ದ್ರವ್ಯವನ್ನು ವಿದ್ಯುದ್ವಿಲಯನದಲ್ಲಿ ನೈಮಿತ್ತಿಕಕ್ಕಾಗಿ ಆರಿಸಿದಂತಾಯಿತು. ದ್ರವ್ಯವೊಂದೇ, ಹೇತು ಬೇರೆ. ಈ ಭೇದವನ್ನು ಹೇಳದೆ ‘ಎರಡಕ್ಕೂ ಉತ್ತಮ’ವೆಂದು ಬರೆಯುವುದು ಅರೆಸತ್ಯ.

ಕಾರ್ಬೈಡೇ ಕಾರ್ಯಖಂಡವಾದಾಗ ಇನ್ನೊಂದು ತೊಡಕುಂಟು. ಅಡಿಗೆಯುಪ್ಪಿನ ನೀರಿನಲ್ಲಿ ಟಂಗ್‌ಸ್ಟನ್ ತನ್ನ ಮೇಲೆ ಆಕ್ಸೈಡಿನ ಪೊರೆಯನ್ನು ಹೊದ್ದುಕೊಂಡು ಕರಗಲು ಒಲ್ಲೆನ್ನುವುದು. ಕ್ಷಾರವನ್ನು ಬೆರೆಸಿದರೆ ಪೊರೆ ಕರಗುವುದು. ಆದರೆ ಅದೇ ಕ್ಷಾರದಲ್ಲಿ, ಕಣಗಳನ್ನು ಬೆಸೆದಿರುವ ಕೋಬಾಲ್ಟು ಪೊರೆ ಹೊದೆಯುವುದು. ಎಳ್ಳಿಗೆ ಹಿತವಾದುದು ಅಕ್ಕಿಗೆ ಅಹಿತವಾದಂತೆ. ಎರಡನ್ನೂ ಸಮನಾಗಿ ಕರಗಿಸುವಂತೆ ಲವಣವನ್ನೂ ಕ್ಷಾರವನ್ನೂ ಹದವರಿತು ಕೂಡಿಸಬೇಕು. ಇಲ್ಲವಾದರೆ ಮೈ ಒರಟಾಗಿ ಉಳಿಯುವುದು.

ಟಂಗ್‌ಸ್ಟನ್ನಿನ ಅದಿರುಗಳಲ್ಲೊಂದಾದ ಷೀಲೈಟು ಕೋಲಾರದ ಚಿನ್ನದ ಅದಿರಿನೊಡನೆ ಕಾಣಿಸಿಕೊಂಡಿತ್ತು. ಆ ಗಣಿಗಳು 2001ರಲ್ಲಿ ಮುಚ್ಚಿದುವು. ತಾಮ್ರ-ಟಂಗ್‌ಸ್ಟನ್ನಿನ ತುಂಡು ಹೀಗೆ ಹಣ ಕೊಟ್ಟು ತರಿಸತಕ್ಕ ವಸ್ತುವಾಗಿಯೇ ಇರುವುದರಿಂದ, ಅದು ಎಷ್ಟು ಸವೆಯಿತೆಂಬ ಲೆಕ್ಕವು ಕಲಿಯುವವನ ಮೊದಲ ಪಾಠವಾಗಬೇಕಾಗಿದೆ. ಲೆಕ್ಕ ಸುಲಭ: ಕರಣವನ್ನೂ ಕಾರ್ಯಖಂಡವನ್ನೂ ಕೆಲಸಕ್ಕೆ ಮೊದಲೊಮ್ಮೆ, ತರುವಾಯ ಒಮ್ಮೆ ತೂಗಿ, ಇಳಿದ ತೂಕಗಳನ್ನು ಆಯಾ ದ್ರವ್ಯದ ಸಾಂದ್ರತೆಯಿಂದ ಭಾಗಿಸಿ ಘನಮಾನಕ್ಕೆ ತಂದು ಹೋಲಿಸುವುದು. ಬರಿಯ ತೂಕವನ್ನು ಹೋಲಿಸಿದರೆ ಘನ ಸೆಂಟಿಮೀಟರಿಗೆ 15 ಗ್ರಾಂ ತೂಗುವ ಕರಣಕ್ಕೆ, 9 ಗ್ರಾಮಿನೊಳಗೆ ತೂಗುವ ತಾಮ್ರದೆದುರು, ಅನ್ಯಾಯವಾಗುವುದು. ಆಂಗ್ಲ ಪಠ್ಯಗಳ ಕನ್ನಡ ರೂಪಗಳಲ್ಲಿ ಈ ಪ್ರಮಾಣಕ್ಕೆ ‘ಧರಿಸುವ ಅನುಪಾತ’ವೆಂಬ ಪ್ರಯೋಗವು ನುಸುಳುವುದುಂಟು, ಉಡುವುದಕ್ಕೂ ಸವೆಯುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರಿಂದ ಹುಟ್ಟಿದ ಪ್ರಮಾದವದು. ‘ಸವೆತದ ಪ್ರಮಾಣ’ವೆಂದು ಅದನ್ನು ತಿದ್ದತಕ್ಕದ್ದು.